‘ಚೆನ್ನಾಗಿದೆ’ ಎಂಬ ಮಾತು

ಮನುಷ್ಯನು ದಿನಕ್ಕೆ ಎಷ್ಟು ಸುಳ್ಳು ಹೇಳುತ್ತಾನೆ ಎಂಬುದನ್ನು ಲೆಕ್ಕವಿಡಲು ಹೊರಟರೆ ಮೊದಲ ತೊಡಕು ಬರುವುದು ‘ಚೆನ್ನಾಗಿದೆ’ ಎಂಬ ಮಾತಿನಲ್ಲಿ. ಊಟಕ್ಕೆ ಕರೆದವರ ಮನೆಯ ಸಾರು, ಮಿತ್ರರು ಕಟ್ಟಿಸಿದ ಹೊಸ ಮನೆ, ನೆರೆಮನೆಯ ಹುಡುಗಿಯ ವೀಣೆ, ಸಹೋದ್ಯೋಗಿಗಳ ಕವನಸಂಕಲನ, ಇವೆಲ್ಲಕ್ಕೂ ನಾವು ಈ ಒಂದೇ ನಾಣ್ಯವನ್ನು ಚಲಾಯಿಸುತ್ತೇವೆ. ಅದು ಸವೆದ ನಾಣ್ಯವೆಂಬುದು ಕೊಟ್ಟವನಿಗೂ ಗೊತ್ತು, ಪಡೆದವನಿಗೂ ಗೊತ್ತು. ಹಾಗಿರುವಾಗ ಅದನ್ನು ಸುಳ್ಳೆನ್ನಬೇಕೆ, ಬರಿಯ ಉಪಚಾರವೆನ್ನಬೇಕೆ? ನಾನು ಈಚಿನವರೆಗೂ ಅದನ್ನು ಉಪಚಾರದ ಪಟ್ಟಿಗೇ ಸೇರಿಸಿಕೊಂಡು ನಿಶ್ಚಿಂತನಾಗಿದ್ದೆ. ಒಂದು ಶನಿವಾರ ಸಂಜೆ ಇಂದಿರಾನಗರದ ಮಹಡಿಯೊಂದರ ಮೇಲೆ, ಅರುವತ್ತು ಜನರ ನಡುವೆ ನಿಂತು ಹಾಡು ಕೇಳುತ್ತಿದ್ದಾಗ ಆ ಪಟ್ಟಿಯನ್ನು ತಿದ್ದಬೇಕಾಗಿ ಬಂತು.

ನನ್ನನ್ನು ಅಲ್ಲಿಗೆ ಕರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ಹತ್ತು ವರ್ಷದ ಹಿಂದೆ ಬಿ.ಎಸ್ಸಿ. ಓದುತ್ತಿದ್ದಾಗ ನನ್ನ ಕನ್ನಡ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದವಳು. ಈಗ ಹಗಲೆಲ್ಲ ಒಂದು ಕಂಪೆನಿಯಲ್ಲಿ ಕಂಪ್ಯೂಟರಿನ ಮುಂದೆ ದುಡಿಮೆ. ಸಂಜೆಯ ಮೇಲೆ ಮೂವರು ಗೆಳೆಯರೊಡನೆ ಸಂಗೀತ. “ಸರ್, ಶನಿವಾರ ನಮ್ಮ ಬ್ಯಾಂಡಿನ ಕಾರ್ಯಕ್ರಮ ಇದೆ. ಇಂಡಿ ಪಾಪ್. ಕನ್ನಡದಲ್ಲೇ ಹಾಡೋದು. ಮೇಡಂ ಅವರನ್ನೂ ಕರ್ಕೊಂಡು ಬನ್ನಿ” ಎಂದು ಫೋನು ಮಾಡಿದಳು. ನನ್ನ ಹೆಂಡತಿಯ ತವರು ವಿಜಯಪುರ ಜಿಲ್ಲೆ. “ನಮ್ಮ ಇಂಡಿಯೊಳಗ ಲಿಂಬಿಹಣ್ಣು ಬೆಳೀತಾವ್ರಿ. ಈ ಪಾಪ್ ಅನ್ನೂದು ಯಾವಾಗಿಂದ ಬೆಳ್ಯಾಕ ಹತ್ತಿತು?” ಎಂದು ಕೇಳಿ, ನಿಂತು ಕೇಳುವ ಸಂಗೀತವೆಂದು ತಿಳಿದ ಮೇಲೆ ಮೊಣಕಾಲು ನೋವಿನ ನೆಪ ಹೇಳಿ, ಮನೆಯಲ್ಲೇ ಉಳಿದಳು.

ಪ್ರಶ್ನೆ ತಮಾಷೆಯದೇ. ಆದರೆ ಕನ್ನಡ ಮೇಷ್ಟರಿಗೆ ಶಬ್ದದ ಬೆನ್ನು ಹತ್ತುವ ಚಟ. ‘ಇಂಡಿ’ ಎಂಬುದು ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ, ಎಂಬ ಮಾತಿನ ಮೊಟಕು. ೧೯೯೦ರ ದಶಕದಲ್ಲಿ ನಮ್ಮ ದೇಶದಲ್ಲಿ ‘ಇಂಡಿಪಾಪ್’ ಎನ್ನುತ್ತಿದ್ದುದೇ ಬೇರೆ. ೧೯೯೫ರಲ್ಲಿ ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ದಂಥ, ದೊಡ್ಡ ಕಂಪೆನಿಗಳು ಮನೆಮನೆಗೂ ಮುಟ್ಟಿಸಿದ ಹಾಡುಗಳು ಅವು. ಅಲ್ಲಿ ‘ಇಂಡಿ’ ಎಂದರೆ ಇಂಡಿಯಾ. ಇಲ್ಲಿ ‘ಇಂಡಿ’ ಎಂದರೆ ದೊಡ್ಡ ಕಂಪೆನಿಯ ಹಂಗು ಇಲ್ಲದ್ದು. ಇದರ ಬೇರುಗಳನ್ನು ಇಂಗ್ಲೆಂಡಿನಲ್ಲಿ ತೋರಿಸುತ್ತಾರೆ. ೧೯೭೭ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ತಂಡದವರು ೫೦೦ ಪೌಂಡು ಸಾಲ ಮಾಡಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಗ್ರಾಮಫೋನ್ ತಟ್ಟೆಯನ್ನು ತಾವೇ ಹೊರತಂದರು. ಮೊದಲು ಮಾಡಿಸಿದ್ದು ೧೦೦೦ ಪ್ರತಿ. ದೊಡ್ಡ ಕಂಪೆನಿಯ ಬಾಗಿಲು ಕಾಯದೆಯೂ ತಟ್ಟೆ ತರಬಹುದು ಎಂಬ ಧೈರ್ಯ ಇತರರಿಗೂ ಬಂದದ್ದು ಇಂಥ ಸಾಹಸಗಳಿಂದ. ಮುಂದೆ ೧೯೮೭ರಲ್ಲಿ ಬ್ರಿಸ್ಟಲ್ ನಗರದಲ್ಲಿ ಇಬ್ಬರು ಸೇರಿ ಸಾರಾ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆಯನ್ನು ಕಟ್ಟಿ, ಅಬ್ಬರವಿಲ್ಲದ, ಸಂಕೋಚದ ಸ್ವಭಾವದ ಹಾಡುಗಳನ್ನು ಒಂದೊಂದಾಗಿ ಪ್ರಕಟಿಸಿದರು. ೧೯೯೫ರಲ್ಲಿ ನೂರನೆಯ ಪ್ರಕಟಣೆಯಾಯಿತು. ಅಷ್ಟಕ್ಕೆ ಸಾಕೆಂದು ತಾವಾಗಿಯೇ ಬಾಗಿಲು ಹಾಕಿದರು. ಬೆಳೆಯುತ್ತಲೇ ಇರಬೇಕೆಂಬುದನ್ನು ಧರ್ಮವಾಗಿ ಮಾಡಿಕೊಂಡಿರುವ ಈ ಕಾಲದಲ್ಲಿ ನೂರಕ್ಕೆ ಸಾಕೆಂದವರ ಮೇಲೆ ನನಗೆ ಗೌರವ ಹುಟ್ಟಿತು. ಟಿಕೆಟ್ಟಿನ ಹಣವನ್ನು ಫೋನಿನಲ್ಲೇ ಕಟ್ಟಿ ಹೊರಟೆ.

ಬಾಗಿಲಲ್ಲಿ ನಿಂತ ತರುಣ ನನ್ನ ಮಣಿಕಟ್ಟಿನ ಮೇಲೆ, ಅಂಚೆ ಕಚೇರಿಯಲ್ಲಿ ಲಕೋಟೆಗೆ ಒತ್ತುವಂತೆ, ಒಂದು ಠಸ್ಸೆ ಒತ್ತಿದ. ಒಳಗೆ ಕುರ್ಚಿಗಳಿಲ್ಲ. ವೇದಿಕೆ ನೆಲದಿಂದ ಎರಡು ಗೇಣು ಎತ್ತರ. ಅದರ ಮೇಲೆ ಡ್ರಮ್ಮು, ಎರಡು ಗಿಟಾರು, ಒಂದು ಕೀಬೋರ್ಡು. ಕಾಲ ಬಳಿಯಲ್ಲಿ ಒಂದಕ್ಕೊಂದು ಸುತ್ತಿಕೊಂಡ ತಂತಿಗಳು. ಹಿಂದುಗಡೆ ಬಾರು, ಅಲ್ಲಿ ಗ್ಲಾಸುಗಳ ಸದ್ದು. ಒಂದು ಮೂಲೆಯ ಮೇಜಿನ ಮೇಲೆ ತಂಡದ ಹೆಸರು ಅಚ್ಚಾದ ಅಂಗಿಗಳು ಮಾರಾಟಕ್ಕೆ. ಜನ ಹೆಚ್ಚೆಂದರೆ ಅರುವತ್ತು. ನಲವತ್ತು ದಾಟಿದವರು ನಾನು ಮತ್ತು ಇನ್ನೊಬ್ಬರು. ಅವರು ಡ್ರಮ್ಮು ಬಾರಿಸುವ ಹುಡುಗನ ತಂದೆಯೆಂದು ಆಮೇಲೆ ತಿಳಿಯಿತು. ನಾವಿಬ್ಬರೂ ಮದುವೆ ಮನೆಯಲ್ಲಿ ಬೇರೆ ಪಕ್ಷದವರ ಪಂಕ್ತಿಯಲ್ಲಿ ಕುಳಿತವರಂತೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಹಾಡುಗಳು ಚಿಕ್ಕವು, ಮೂರು ನಾಲ್ಕು ನಿಮಿಷದವು. ಆಲಾಪನೆಯ ಏರುದಾರಿಗೆ ಒಗ್ಗಿದ ನನ್ನ ಕಿವಿ ಸಿದ್ಧವಾಗುವಷ್ಟರಲ್ಲಿ ಒಂದು ಹಾಡು ಮುಗಿದೇ ಹೋಗುತ್ತಿತ್ತು. ಆಕೆ ಗಟ್ಟಿಯಾಗಿ ಹಾಡುವವಳಲ್ಲ. ಪಕ್ಕದಲ್ಲಿ ಕುಳಿತವರಿಗೆ ಏನೋ ಹೇಳುತ್ತಿರುವಂಥ ಧಾಟಿ. ಎರಡನೆಯ ಹಾಡಿನಲ್ಲಿ ಡ್ರಮ್ಮಿನ ಸದ್ದಿಗೆ ಮಾತುಗಳು ಮುಳುಗಿದವು. ಮೂರನೆಯದು ನಡೆಯುತ್ತಿದ್ದಾಗ ನಾನು ಗಂಟೆ ಎಷ್ಟೆಂದು ಫೋನನ್ನು ತೆಗೆದು ನೋಡಿದೆ. ಅದರ ಬೆಳಕು ನನ್ನ ಮುಖದ ಮೇಲೆ ಬಿತ್ತು. ತಲೆಯೆತ್ತಿದರೆ ಆಕೆ ಹಾಡುತ್ತಲೇ ನನ್ನತ್ತ ನೋಡುತ್ತಿದ್ದಳು. ತರಗತಿಯಲ್ಲಿ ಹುಡುಗರ ಕಳ್ಳತನವನ್ನು ಹಿಡಿಯುವ ನಾನು ಅಂದು ಸಿಕ್ಕಿಬಿದ್ದ ಹುಡುಗನಾದೆ.

ದೊಡ್ಡ ಸಭೆಗಳಲ್ಲಿ ಈ ತೊಂದರೆಯಿಲ್ಲ. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆದಾಗ ಆ ಜನಸಾಗರದಲ್ಲಿ ನಾನೂ ಒಬ್ಬನಾಗಿದ್ದೆ. ಎಂಥ ಆನಂದ ಅದು! ಆದರೆ ಅಲ್ಲಿ ನಾನು ಎದ್ದು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಕಡಲೇಕಾಯಿ ತಿಂದೆನೋ, ಕಣ್ಣೀರಿಟ್ಟೆನೋ, ವೇದಿಕೆಗೆ ಎರಡೂ ಒಂದೇ. ದೊಡ್ಡ ಸಭೆಯಲ್ಲಿ ಕೇಳುಗನಿಗೆ ಮುಖವಿಲ್ಲ, ಆದ್ದರಿಂದ ಹೊಣೆಯೂ ಇಲ್ಲ. ಚಿಕ್ಕಂದಿನಲ್ಲಿ ನಮ್ಮೂರಿನ ದೇವಸ್ಥಾನದ ಜಗಲಿಯಲ್ಲಿ ಗದುಗಿನ ಭಾರತವನ್ನು ಓದಿಸುತ್ತಿದ್ದರು. ಕೇಳಲು ಹತ್ತು ಹನ್ನೆರಡು ಜನ. ಅವರಲ್ಲಿ ಒಬ್ಬ ಎದ್ದು ಹೊರಟರೆ ವಾಚನ ಮಾಡುವವರ ಧ್ವನಿ ಒಂದು ಎಳೆ ಇಳಿಯುತ್ತಿತ್ತು. ಹುಡುಗನಾದ ನನಗೂ ಅದು ತಿಳಿಯುತ್ತಿತ್ತು. ಇಂದಿರಾನಗರದ ಮಹಡಿಗೂ ಆ ಜಗಲಿಗೂ ಬೇರೆ ಯಾವ ಹೋಲಿಕೆಯೂ ಇರಲಿಕ್ಕಿಲ್ಲ. ಈ ಒಂದು ಮಾತಿನಲ್ಲಿ ಎರಡೂ ಒಂದೇ. ಅಲ್ಲಿ ಕೇಳುವುದೆಂಬುದು ಒಬ್ಬನು ಇನ್ನೊಬ್ಬನಿಗೆ ಮಾಡುವ ಕೆಲಸ. ಮಾಡಿದರೆ ಸಲ್ಲುತ್ತದೆ, ತಪ್ಪಿದರೆ ಕಾಣುತ್ತದೆ.

ಇಂಥ ಸ್ಥಳಗಳ ಬದುಕೂ ಹಗ್ಗದ ಮೇಲಿನ ನಡಿಗೆಯೇ. ಟಿಕೆಟ್ಟಿನ ಹಣದಿಂದ ಬಾಡಿಗೆ ಹುಟ್ಟದೆ, ತಿಂಡಿ ಪಾನೀಯದ ವ್ಯಾಪಾರವನ್ನು ನಂಬಿ ನಡೆಯುವವೇ ಹೆಚ್ಚು. ಇದೇ ಇಂದಿರಾನಗರದಲ್ಲಿ ೨೦೧೩ರಲ್ಲಿ ತೆರೆದು ಹೆಸರಾಗಿದ್ದ ‘ದಿ ಹಮ್ಮಿಂಗ್ ಟ್ರೀ’ ೨೦೧೯ರಲ್ಲಿ ಮುಚ್ಚಿತು. ಹಾಡುವವರಿಗೆ ಅಂತರ್ಜಾಲವಿದೆಯಲ್ಲ ಎನ್ನಬಹುದು. ಇದೆ. ಆದರೆ ಅಲ್ಲಿನ ಲೆಕ್ಕವೇ ಬೇರೆ. ಸ್ಪಾಟಿಫೈ ಎಂಬ ದೊಡ್ಡ ಸಂಗೀತ ಮಳಿಗೆ ೨೦೨೪ರಲ್ಲಿ ಒಂದು ನಿಯಮ ತಂದಿತು: ಹಿಂದಿನ ಹನ್ನೆರಡು ತಿಂಗಳಲ್ಲಿ ೧೦೦೦ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅದರ ಧ್ವನಿಮುದ್ರಣದ ಗೌರವಧನದಲ್ಲಿ ಪಾಲಿಲ್ಲ. ಅಂದರೆ ಒಂಬೈನೂರು ಸಲ ಯಾರೋ ಮನಸ್ಸಿಟ್ಟು ಕೇಳಿದ್ದರೂ ಆ ಖಾತೆಯಲ್ಲಿ ಅದು ಸೊನ್ನೆ. ಸಾವಿರದಲ್ಲಿ ಎಣಿಸುವ ಕಡೆ ಒಬ್ಬನಿಗೆ ಬೆಲೆಯಿಲ್ಲ. ಅರುವತ್ತರಲ್ಲಿ ಎಣಿಸುವ ಕಡೆ ಒಬ್ಬನೆಂದರೆ ಒಬ್ಬನೇ.

ಹೀಗೆ ಯೋಚಿಸುತ್ತ, ಫೋನನ್ನು ಜೇಬಿನ ಆಳಕ್ಕೆ ತಳ್ಳಿ, ನಾನು ನಿಜವಾಗಿ ಕೇಳತೊಡಗಿದೆ. ಆಗ ಆಕೆ ಗಿಟಾರನ್ನು ಶ್ರುತಿ ಮಾಡಿಕೊಳ್ಳುತ್ತ, ಮೈಕಿನ ಬಳಿ ಬಂದು ಹೇಳಿದಳು: “ಮುಂದಿನ ಹಾಡು ನಾನು ಕಾಲೇಜಿನಲ್ಲಿದ್ದಾಗ ಬರೆದದ್ದು. ಇದನ್ನು ಮೊದಲು ಓದಿದವರು ನಮ್ಮ ಕನ್ನಡ ಮೇಷ್ಟ್ರು. ‘ಚೆನ್ನಾಗಿದೆ, ಬಿಡಬೇಡ, ಬರೀತಾ ಇರು’ ಅಂದಿದ್ದರು. ಆ ಒಂದು ಮಾತಿಂದ ನಾನು ನಿಲ್ಲಿಸಲಿಲ್ಲ. ಅವರು ಇವತ್ತು ಇಲ್ಲೇ ಇದ್ದಾರೆ.”

ಅರುವತ್ತು ಮುಖಗಳು ನನ್ನ ಕಡೆ ತಿರುಗಿದವು. ಅರುವತ್ತು ಜೊತೆ ಕೈಗಳು ಚಪ್ಪಾಳೆ ತಟ್ಟಿದವು. ಡ್ರಮ್ಮಿನ ಹುಡುಗನ ತಂದೆ ನನ್ನ ಬೆನ್ನು ತಟ್ಟಿದರು. ನಾನು ಕೈಮುಗಿದೆ.

ವಾಚಕರ ಮುಂದೆ ಮುಚ್ಚಿಡುವುದೇಕೆ? ನಾನು ಅದನ್ನು ಓದಿರಲಿಲ್ಲ.

ಆಕೆ ನೀಲಿ ರಟ್ಟಿನ ಒಂದು ನೋಟ್ ಪುಸ್ತಕವನ್ನು ಕೊಟ್ಟದ್ದು ನೆನಪಿದೆ. ಅದು ನನ್ನ ಬೀರುವಿನಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಅಡಿಯಲ್ಲಿ ಮೂರು ವಾರ ಇತ್ತು. ಮೌಲ್ಯಮಾಪನ, ಇಲಾಖೆಯ ವರದಿ, ಮನೆಯಲ್ಲಿ ಮಗುವಿಗೆ ಜ್ವರ: ಕಾರಣಗಳು ಸುಳ್ಳಲ್ಲ. ಒಂದು ದಿನ ಪಡಸಾಲೆಯಲ್ಲಿ ಎದುರಾಗಿ ಸಂಕೋಚದಿಂದ ಕೇಳಿದಾಗ ಒಳಗೆ ಹೋಗಿ ಪುಸ್ತಕ ತಂದುಕೊಟ್ಟು, ಆ ಸವೆದ ನಾಣ್ಯವನ್ನು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಚಿನ್ನದ ನಾಣ್ಯವೆಂದು ಹತ್ತು ವರ್ಷ ಜೋಪಾನ ಮಾಡಿದ್ದಳು.

ಹಾಡು ಶುರುವಾಯಿತು. ಬಾಡಿಗೆ ಮನೆಯನ್ನು ಬಿಟ್ಟು ಹೊರಡುವಾಗ, ಗೋಡೆಯಲ್ಲಿ ಕ್ಯಾಲೆಂಡರು ನೇತಾಡುತ್ತಿದ್ದ ಜಾಗದಲ್ಲಿ ಬಣ್ಣ ಮಾಸದೆ ಉಳಿದ ಚೌಕದ ಮೇಲೆ ಕಟ್ಟಿದ ಹಾಡು ಅದು. ಬೆಂಗಳೂರಿನಲ್ಲಿ ಮನೆ ಬದಲಾಯಿಸಿದ ಯಾರಿಗೂ ಆ ಚೌಕ ಗೊತ್ತು. ನಾನು ಏಳು ಮನೆಗಳಲ್ಲಿ ಬಿಟ್ಟುಬಂದಿದ್ದೇನೆ. ಅದರ ಮೇಲೆ ಹಾಡು ಬರೆಯಬಹುದೆಂದು ನನಗೆ ಹೊಳೆದಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಗೆ ಹೊಳೆದಿತ್ತು. ಹೊಳೆದದ್ದು ಮೂರು ವಾರ ನನ್ನ ಬೀರುವಿನಲ್ಲಿತ್ತು.

ಮನೆಗೆ ಬರುವ ದಾರಿಯಲ್ಲಿ ನನ್ನೊಳಗಿನ ವಕೀಲರು ಎದ್ದು ನಿಂತರು. “ಆದದ್ದಾದರೂ ಏನು? ಓದಿ ಕಟುವಾಗಿ ಟೀಕೆ ಮಾಡಿದ್ದರೆ ಹುಡುಗಿ ಅಂದೇ ಬರೆಯುವುದನ್ನು ಬಿಡುತ್ತಿದ್ದಳು. ನಿಮ್ಮ ಸುಳ್ಳಿನಿಂದ ಒಂದು ಹಾಡು ಹುಟ್ಟಿತು. ಫಲ ಒಳ್ಳೆಯದಾದ ಮೇಲೆ ಬೀಜದ ವಿಚಾರಣೆ ಏಕೆ?” ವಾದ ಚೆನ್ನಾಗಿದೆ. ಇದೋ, ಮತ್ತೆ ಆ ಮಾತು ಬಂತು!

ವಾದದ ಲೋಪ ಎಲ್ಲಿದೆಯೆಂಬುದು ನನಗೆ ಮಲಗುವ ಹೊತ್ತಿಗೆ ತಿಳಿಯಿತು. ಅದೇ ಮಾತನ್ನು ನಾನು ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಜನರ ಕೈಯಲ್ಲಿಟ್ಟಿದ್ದೇನೆ. ಅವರಲ್ಲಿ ಯಾರಿಗೆ ನಿಜವಾದ ಪ್ರತಿಭೆಯಿತ್ತು, ಯಾರಿಗೆ ಬೇರೆ ದಾರಿ ತೋರಿಸಬೇಕಾಗಿತ್ತು, ಯಾರು ನನ್ನ ಕಣ್ಣಲ್ಲೇ ಓದಿಲ್ಲವೆಂಬುದನ್ನು ಕಂಡುಕೊಂಡು ಪುಸ್ತಕವನ್ನು ಒಲೆಗೆ ಹಾಕಿದರು, ನಾನರಿಯೆ. ಕಣ್ಣುಮುಚ್ಚಿ ಎಸೆದ ಕಲ್ಲು ಒಂದು ಸಲ ಮಾವಿನಕಾಯಿ ಕೆಡವಿದ ಮಾತ್ರಕ್ಕೆ ಎಸೆದವನು ಗುರಿಕಾರನಾಗುವುದಿಲ್ಲ. ಫಲ ಅವಳದು, ಅವಳ ಹಟದ್ದು. ನನ್ನ ಪಾಲಿಗೆ ಉಳಿಯುವುದು ಕಣ್ಣುಮುಚ್ಚಿದ್ದು ಮಾತ್ರ.

ಸತ್ಯ ಮತ್ತು ಪ್ರಿಯ ಎರಡೂ ಒಂದೇ ಮಾತಿನಲ್ಲಿ ಸೇರಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಜರ್ಮನಿಯ ದಾರ್ಶನಿಕ ಕಾಂಟ್ ೧೭೯೭ರಲ್ಲಿ ಬರೆದ ಒಂದು ಲೇಖನದಲ್ಲಿ, ಪರೋಪಕಾರಕ್ಕಾಗಿಯೂ ಸುಳ್ಳು ಹೇಳುವ ಹಕ್ಕು ಮನುಷ್ಯನಿಗಿಲ್ಲವೆಂದು ಕಠಿಣವಾಗಿ ವಾದಿಸಿದ. ಈ ಇಬ್ಬರ ನಡುವೆ ನಾವು ಸಂಸಾರಿಗಳು ಹೇಗೋ ತೂಗಿಸಿಕೊಂಡು ಹೋಗುತ್ತೇವೆ. ಆದರೆ ನನ್ನ ಪ್ರಸಂಗದಲ್ಲಿ ಈ ತಕ್ಕಡಿಯೇ ಬೇಕಿರಲಿಲ್ಲ. ಓದಿ, ಚೆನ್ನಾಗಿಲ್ಲವೆನ್ನಿಸಿ, ನೋಯಿಸಬಾರದೆಂದು ಚೆನ್ನಾಗಿದೆ ಎಂದಿದ್ದರೆ ಅದು ದಯೆಯ ಸುಳ್ಳಾಗುತ್ತಿತ್ತು. ನಾನು ಹೇಳಿದ್ದು ಸೋಮಾರಿತನದ ಸುಳ್ಳು. ದಯೆಯ ಸುಳ್ಳಿನಲ್ಲಿ ಎದುರಿನವನು ನಮ್ಮ ಕಣ್ಣಿಗೆ ಬಿದ್ದಿರುತ್ತಾನೆ. ಸೋಮಾರಿತನದ ಸುಳ್ಳಿನಲ್ಲಿ ಅವನು ಬಿದ್ದೇ ಇರುವುದಿಲ್ಲ.

ಇದರಲ್ಲಿ ಇನ್ನೊಂದು ವಿನೋದವಿದೆ. ಕಾವ್ಯಮೀಮಾಂಸೆಯಲ್ಲಿ ‘ಸಹೃದಯ’ ಎಂಬ ವಿಷಯವನ್ನು ಪ್ರತಿವರ್ಷ ಪಾಠ ಹೇಳುವವನು ನಾನು. ಕಾವ್ಯವನ್ನು ಮತ್ತೆ ಮತ್ತೆ ಪರಿಶೀಲಿಸಿ ಮನಸ್ಸನ್ನು ಕನ್ನಡಿಯಂತೆ ತಿಳಿಮಾಡಿಕೊಂಡವನೇ ಸಹೃದಯನೆಂದು ಅಭಿನವಗುಪ್ತನ ಅಭಿಪ್ರಾಯ. ಇದು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ. ಸಹೃದಯತೆಯನ್ನು ನಾನು ಅಭಿರುಚಿಯ ಮಾತಾಗಿ ಮಾತ್ರ ವಿವರಿಸುತ್ತ ಬಂದಿದ್ದೆ. ಇವನಿಗೆ ಇದೆ, ಅವನಿಗೆ ಇಲ್ಲ, ಎಂಬಂತೆ. ಅದು ನೀತಿಯ ಮಾತೂ ಹೌದೆಂಬುದು ನಿಂತು ಹಾಡು ಕೇಳಿದ ಆ ರಾತ್ರಿ ಹೊಳೆಯಿತು. ಕನ್ನಡಿಯನ್ನು ಒರೆಸಿ ಇಟ್ಟುಕೊಳ್ಳುವುದು ನಮ್ಮ ಕೈಯ ಕೆಲಸ. ಒರೆಸದಿರುವುದು ನಮ್ಮ ತಪ್ಪು. ಭವಭೂತಿಯಂಥ ಮಹಾಕವಿ ತನ್ನನ್ನು ಬಲ್ಲವನು ಎಂದಾದರೂ ಹುಟ್ಟಿಯಾನೆಂದು ಕಾಯಲು ಸಿದ್ಧನಾಗಿದ್ದ. ಎಲ್ಲರಿಗೂ ಆ ಎದೆಗಾರಿಕೆ ಎಲ್ಲಿಂದ ಬರಬೇಕು? ಹತ್ತೊಂಬತ್ತರ ಹುಡುಗಿಗೆ ಇಂದೇ, ಇಲ್ಲೇ, ಒಬ್ಬ ಓದುಗ ಬೇಕು.

ಕಾರ್ಯಕ್ರಮ ಮುಗಿದ ಮೇಲೆ ಆಕೆ ಬೆವರು ಒರೆಸಿಕೊಳ್ಳುತ್ತ ಬಂದು, “ಹೇಗಿತ್ತು ಸರ್?” ಎಂದು ಕೇಳಿದ್ದಳು. ನಾಲಿಗೆಯ ತುದಿಗೆ ಆ ಮಾತು ಬಂತು. ನುಂಗಿಕೊಂಡು, “ಎರಡನೆಯ ಹಾಡಿನಲ್ಲಿ ಡ್ರಮ್ಮು ಜೋರಾಯಿತಮ್ಮ, ಮಾತು ಕೇಳಿಸಲಿಲ್ಲ. ಕ್ಯಾಲೆಂಡರಿನ ಹಾಡನ್ನು ಪೂರ್ತಿ ಕೇಳಿದೆ. ಆ ನೀಲಿ ಪುಸ್ತಕ ಇನ್ನೂ ಇದೆಯೆ? ಇನ್ನೊಂದು ಸಲ ಕೊಡು” ಎಂದೆ. ನಿಜವನ್ನು ಅಲ್ಲಿಯೇ ಹೇಳಲಿಲ್ಲ. ಧೈರ್ಯವಿರಲಿಲ್ಲವೆಂಬುದು ಅರ್ಧ ಕಾರಣ. ಇನ್ನರ್ಧ ಕಾರಣ ಒಂದು ಶಂಕೆ. ತಪ್ಪೊಪ್ಪಿಗೆಯಿಂದ ಹಗುರವಾಗುವವನು ನಾನು; ಆಕೆಗೆ? ಹತ್ತು ವರ್ಷ ಊರಿಕೊಂಡು ನಡೆದ ಕೋಲನ್ನು, ಅದು ಟೊಳ್ಳೆಂದು ತೋರಿಸಲು, ಗೆಳೆಯರೆಲ್ಲ ನಗುತ್ತ ನಿಂತಿರುವಾಗ ಕಿತ್ತುಕೊಳ್ಳುವುದು ಸತ್ಯಸಂಧತೆಯೆ, ಸ್ವಾರ್ಥವೆ? ಅತ್ತ ಸುಮ್ಮನಿದ್ದರೆ ಅರುವತ್ತು ಜನರ ಚಪ್ಪಾಳೆಯನ್ನು ಕದ್ದುಕೊಂಡು ಹೋದ ಹಾಗೆ. ಬಹಳ ಹೊರಳಾಡಿದ ಮೇಲೆ ನನಗೆ ತೋರಿದ್ದಿಷ್ಟು: ಸಾಲವಿದೆಯೆಂದು ಹೇಳಿಕೊಳ್ಳುವ ಮೊದಲು ಸಾಲವನ್ನು ತೀರಿಸಬೇಕು.

ಪುಸ್ತಕದ ಪುಟಗಳ ಚಿತ್ರ ತೆಗೆದು ಆಕೆ ಫೋನಿಗೆ ಕಳುಹಿಸಿದಳು. ನಲವತ್ತೊಂದು ಪುಟ. ಎರಡು ರಾತ್ರಿ ಕುಳಿತು ಓದಿದೆ. ಕೆಲವು ಎಳಸು, ಕೆಲವು ಆ ಕಾಲಕ್ಕೆ ಎಲ್ಲರೂ ಬರೆಯುತ್ತಿದ್ದ ಧಾಟಿಯವು, ಐದಾರು ನಿಜವಾಗಿ ಅವಳವೇ. ಒಂದೊಂದರ ಬಗ್ಗೆಯೂ ಅನ್ನಿಸಿದ್ದನ್ನು ಬರೆದೆ. ಕ್ಯಾಲೆಂಡರಿನ ಹಾಡಿನ ಕೊನೆಯ ನುಡಿಯಲ್ಲಿ ಆ ಚೌಕ ಏನನ್ನು ಸೂಚಿಸುತ್ತದೆಂಬುದನ್ನು ಬಿಡಿಸಿ ಹೇಳಿಬಿಟ್ಟಿದ್ದೀಯೆ, ಅಲ್ಲಿ ಹಾಡು ಪಾಠವಾಗುತ್ತದೆ, ಆ ನುಡಿ ಬೇಡವೆಂದು ತೋರುತ್ತದೆ, ಎಂದೂ ಬರೆದೆ. ಕೊನೆಗೆ, “ಇದು ನನ್ನ ಮೊದಲನೆಯ ಓದು. ಹತ್ತು ವರ್ಷ ತಡವಾಯಿತು. ಅಂದು ಓದದೆ ಆ ಮಾತು ಹೇಳಿದ್ದೆ, ಕ್ಷಮಿಸಮ್ಮ” ಎಂದು ಸೇರಿಸಿ ಕಳುಹಿಸಿದೆ.

ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನಾನು ಪಡಸಾಲೆಯಲ್ಲಿ ಕಾದು ನಿಂತ ವಿದ್ಯಾರ್ಥಿಯಂತಿದ್ದೆ. ಮೂರನೆಯ ದಿನ ಉತ್ತರ ಬಂತು:

“ಸರ್, ಬೇಜಾರಾಯಿತು. ಆಮೇಲೆ ನಗು ಬಂತು. ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಇಷ್ಟು ವಿವರವಾಗಿ ನನ್ನ ಹಾಡುಗಳನ್ನು ಯಾರೂ ನೋಡಿಲ್ಲ. ಕೊನೆಯ ನುಡಿಯ ಬಗ್ಗೆ ನೀವು ಹೇಳಿದ್ದು ಸರಿ ಇರಬಹುದು. ಆದರೆ ಅದನ್ನು ಬರೆದದ್ದು ನಮ್ಮ ಅಮ್ಮನಿಗೆ ಅರ್ಥವಾಗಲಿ ಅಂತ. ಅದು ಹಾಗೇ ಇರಲಿ.”

ಸ್ವತಂತ್ರ ಎಂಬುದಕ್ಕೆ ಮ್ಯಾಂಚೆಸ್ಟರಿನ ಇತಿಹಾಸದಲ್ಲಿ ಹುಡುಕಿದ ಅರ್ಥ ನನಗೆ ಆ ನಾಲ್ಕು ಸಾಲಿನಲ್ಲಿ ಸಿಕ್ಕಿತು. ಅವಳಿಗೆ ನನ್ನ ಅಪ್ಪಣೆ ಬೇಕಿರಲಿಲ್ಲ. ಬೇಕಾಗಿದ್ದುದು ನನ್ನ ಗಮನ. ಅದು ಸಂದ ಮೇಲೆ ನನ್ನ ಅಭಿಪ್ರಾಯವನ್ನು ತಳ್ಳಿಹಾಕುವ ಬಲವೂ ಅವಳಿಗಿತ್ತು.

ಈ ಪ್ರಬಂಧವನ್ನು ಅಚ್ಚಿಗೆ ಕಳುಹಿಸುವ ಮೊದಲು ಆಕೆಗೆ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ಮುಂದಿನ ತಿಂಗಳು ಇನ್ನೊಂದು ಕಡೆ ಅವರ ಹಾಡುಗಾರಿಕೆಯಿದೆಯಂತೆ. ಎಂಬತ್ತು ಜನಕ್ಕೆ ಜಾಗ. ಹೆಂಡತಿಯೂ ಬರುವೆನೆಂದಿದ್ದಾಳೆ. ಕಾಲೇಜಿನ ನನ್ನ ಬೀರುವಿನಲ್ಲಿ ಈಗ ಎರಡು ನೋಟ್ ಪುಸ್ತಕಗಳಿವೆ. ಉತ್ತರಪತ್ರಿಕೆಗಳನ್ನು ಅವುಗಳ ಅಡಿಗೆ ಇಟ್ಟಿದ್ದೇನೆ.